10600ಕೆ ಮೊದಲ ಓವರ್‌ಕ್ಲಾಕ್: 5.0ಕ್ಕೆ ಏರಿಸಿದರೆ ಸ್ಕೋರ್ ಇಳೀತಿದೆ, ಯಾಕೆ?

ಕೋರ್_ಆರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೊಸೆಸರ್ ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸೋದು) ಮಾಡ್ತಿರೋದು ಇದೇ ಮೊದಲು. ಸಿಸ್ಟಮ್ ವಿವರ ಮೊದಲೇ ಕೊಟ್ಟುಬಿಡ್ತೀನಿ.

ಪ್ರೊಸೆಸರ್: ಇಂಟೆಲ್ ಕೋರ್ ಐ5-10600ಕೆ
ಮದರ್‌ಬೋರ್ಡ್: ಝಡ್490, ಮಧ್ಯಮ ದರ್ಜೆಯದು
ಕೂಲರ್: ನಾಲ್ಕು ಹೀಟ್‌ಪೈಪ್‌ನ ಸಿಂಗಲ್ ಟವರ್, ಒಂದು 120 ಎಂಎಂ ಫ್ಯಾನ್
ರ್‍ಯಾಮ್: 8 ಜಿಬಿಯ ಎರಡು ಸ್ಟಿಕ್, ಡಿಡಿಆರ್4-3200 ಸಿಎಲ್16, ಎಕ್ಸ್‌ಎಂಪಿ (ರ್‍ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಒಯ್ಯೋ ಸೆಟ್ಟಿಂಗ್) ಆನ್ ಇದೆ
ಎಸ್‌ಎಂಪಿಎಸ್: 650 ವಾಟ್
ಕೋಣೆಯ ಉಷ್ಣತೆ: 27 ಡಿಗ್ರಿ

ಏನೂ ಮುಟ್ಟದೆ ಸ್ಟಾಕ್‌ನಲ್ಲಿ ಸಿನೆಬೆಂಚ್ ಆರ್23 (ಪ್ರೊಸೆಸರ್‌ಗೆ ಪೂರ್ತಿ ಲೋಡ್ ಹಾಕಿ ಸ್ಕೋರ್ ಕೊಡೋ ಪರೀಕ್ಷೆ) ಓಡಿಸಿದರೆ ಆರೂ ಕೋರ್ 4.5 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತವೆ. ಆಗ ಎಚ್‌ಡಬ್ಲ್ಯೂಇನ್ಫೋದಲ್ಲಿ (ಸೆನ್ಸರ್ ಅಂಕಿ ತೋರಿಸೋ ಸಾಫ್ಟ್‌ವೇರ್) ವಿಕೋರ್, ಅಂದ್ರೆ ಕೋರ್‌ಗಳಿಗೆ ಸಿಗೋ ವೋಲ್ಟೇಜ್, 1.20, ಪ್ಯಾಕೇಜ್ ಪವರ್ 120 ವಾಟ್, ಬಿಸಿ 72 ಡಿಗ್ರಿ.

ಬಯಾಸ್‌ನಲ್ಲಿ ಮಲ್ಟಿಪ್ಲೈಯರ್ 50 (100 ಮೆಗಾಹರ್ಟ್ಸ್ ಬೇಸ್ ಕ್ಲಾಕ್‌ನ 50 ಪಟ್ಟು, ಅಂದ್ರೆ 5.0 ಗಿಗಾಹರ್ಟ್ಸ್) ಕೊಟ್ಟೆ, ವೋಲ್ಟೇಜ್ ಆಟೋದಲ್ಲೇ ಬಿಟ್ಟೆ. ವಿಂಡೋಸ್ ಸಲೀಸಾಗಿ ಬಂತು. ಸಿನೆಬೆಂಚ್ ಶುರುವಾದ ತಕ್ಷಣ ವಿಕೋರ್ 1.42, ಪವರ್ 190 ವಾಟ್ ತೋರಿಸ್ತು. ಒಂದೇ ನಿಮಿಷದೊಳಗೆ ಎರಡು ಕೋರ್ 100 ಡಿಗ್ರಿ ಮುಟ್ಟಿದವು. ಆಮೇಲೆ ಕ್ಲಾಕ್ 4.3, 4.4ಕ್ಕೆಲ್ಲ ಬೀಳೋಕೆ ಶುರು. ಹತ್ತು ನಿಮಿಷದ ಓಟ ಮುಗಿದಾಗ ಸ್ಕೋರ್ ಸ್ಟಾಕ್‌ಗಿಂತ ಶೇ 2ರಷ್ಟು ಕಮ್ಮಿ. 'ಥರ್ಮಲ್ ಥ್ರಾಟ್ಲಿಂಗ್' (ಬಿಸಿಯಿಂದ ಕ್ಲಾಕ್ ಇಳಿಸೋದು) ಸಾಲಿನಲ್ಲಿ ಯೆಸ್ ಅಂತಿದೆ, ಪವರ್ ಲಿಮಿಟ್ ಸಾಲಿನಲ್ಲಿ ನೋ.

ವೋಲ್ಟೇಜ್ ಕೈಯಲ್ಲೇ 1.25 ಕೊಟ್ಟು ಅದೇ 50 ಇಟ್ಟು ನೋಡಿದರೆ ವಿಂಡೋಸ್ ಬರುತ್ತೆ, ಆದರೆ ಸಿನೆಬೆಂಚ್ ಒತ್ತಿದ ಕೂಡಲೇ ಬ್ಲೂ ಸ್ಕ್ರೀನ್: ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್.

ಕೇಳಬೇಕಿರೋದು ಇಷ್ಟು. ಆಟೋ ಯಾಕೆ ಅಷ್ಟು ವೋಲ್ಟೇಜ್ ಕೊಡುತ್ತೆ? 1.25ಕ್ಕೂ 1.42ಕ್ಕೂ ನಡುವೆ ನನ್ನ ಚಿಪ್‌ಗೆ ಬೇಕಾದ್ದು ಎಷ್ಟು ಅಂತ ಹುಡುಕೋ ಕ್ರಮ ಯಾವುದು? ಡೇಟಾಶೀಟ್‌ನಲ್ಲಿ 1.52 ವೋಲ್ಟ್‌ವರೆಗೆ ಇದೆಯಲ್ಲ, ಹಾಗಾದರೆ ದಿನಾ 1.40 ಇಟ್ಟರೆ ತೊಂದರೆ ಇದೆಯಾ? ಕೂಲರ್ ಬದಲಿಸಲೇಬೇಕಾ?


ವೋಲ್ಟ್_ಲೆಕ್ಕ:

ಅಂಕಿಗಳನ್ನೆಲ್ಲ ಕೊಟ್ಟು ಕೇಳಿದ್ದೀರಿ, ಅದರಿಂದ ಉತ್ತರಿಸುವುದು ಸುಲಭವಾಯಿತು. ಕ್ಲಾಕ್ ಏರಿಸಿದವರು ನೀವು, ವೋಲ್ಟೇಜ್ ಏರಿಸಿದ್ದು ಬೋರ್ಡು. ಕೈಗೆ ಬಂದಿರುವ ಚಿಪ್ ಒಳ್ಳೆಯದೋ ಸುಮಾರಾದದ್ದೋ ಬೋರ್ಡಿಗೆ ಗೊತ್ತಾಗುವುದಿಲ್ಲ. ಎಂಥ ಚಿಪ್ ಹಾಕಿದರೂ 5.0ದಲ್ಲಿ ಬೂಟ್ ಆಗಲಿ ಎಂದು ಕಡೆಯ ದರ್ಜೆಯ ಚಿಪ್ಪಿಗೆ ಬೇಕಾಗುವಷ್ಟು ವೋಲ್ಟೇಜನ್ನು ಎಲ್ಲದಕ್ಕೂ ಸುರಿಯುತ್ತದೆ. ಅದಕ್ಕೇ ಓವರ್‌ಕ್ಲಾಕ್ ಮಾಡುವಾಗ ಆಟೋ ವೋಲ್ಟೇಜ್ ಬೇಡ ಎನ್ನುವುದು.

ಬಿಸಿ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ನೋಡೋಣ. ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನುವ ಪವರ್ ಕ್ಲಾಕ್‌ಗೆ ನೇರ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿಗೆ ಮಾತ್ರ ವರ್ಗದ ಅನುಪಾತದಲ್ಲಿ. ನಿಮ್ಮ ಸ್ಟಾಕ್ ಅಂಕಿ 4.5 ಗಿಗಾಹರ್ಟ್ಸ್, 1.20 ವೋಲ್ಟ್, 120 ವಾಟ್. 5.0 ಎಂದರೆ ಕ್ಲಾಕ್ 1.11 ಪಟ್ಟು. 1.42 ಎಂದರೆ ವೋಲ್ಟೇಜ್ 1.183 ಪಟ್ಟು, ಅದರ ವರ್ಗ 1.40. ಎರಡನ್ನೂ ಗುಣಿಸಿದರೆ 1.55, 120 ವಾಟ್ ಹೋಗಿ 187 ಆಯಿತು. ನೀವು ಕಂಡದ್ದು 190. ಕ್ಲಾಕ್ ಒಂದರಿಂದ ಪವರ್ ಏರಿದ್ದು ಶೇ 11, ವೋಲ್ಟೇಜ್ ಒಂದರಿಂದ ಶೇ 40.

ಇನ್ನು ಕೂಲರ್. ಕೋಣೆ 27, ಚಿಪ್ 72. 120 ವಾಟಿಗೆ 45 ಡಿಗ್ರಿ ಏರಿದೆ. ಅಂದರೆ ಪ್ರತಿ ವಾಟಿಗೆ 0.375 ಡಿಗ್ರಿ. 187 ವಾಟಿಗೆ ಇದೇ ಲೆಕ್ಕದಲ್ಲಿ 70 ಡಿಗ್ರಿ ಏರಿ 97 ಆಗಬೇಕು. ಬಿಸಿ ಹೆಚ್ಚಿದಷ್ಟೂ ಚಿಪ್ಪಿನ ಒಳಗಿನ ಸೋರಿಕೆ ಕರೆಂಟೂ ಹೆಚ್ಚುವುದರಿಂದ ಇನ್ನೆರಡು ಮೂರು ಡಿಗ್ರಿ ಸೇರಿಸಿಕೊಳ್ಳಿ, 100 ಆಯಿತು. ಈ ಪ್ರೊಸೆಸರಿನ ಮಿತಿ 100 ಡಿಗ್ರಿ. ಅಲ್ಲಿಗೆ ತಲುಪಿದರೆ ಅದು ತಾನೇ ಕ್ಲಾಕ್ ಇಳಿಸಿಕೊಳ್ಳುತ್ತದೆ. ಸ್ಕೋರ್ ಬಿದ್ದದ್ದು ಇದರಿಂದಲೇ.

ಇದೇ ಕೂಲರಿನಲ್ಲಿ 5.0ಕ್ಕೆ ಲೋಡಿನಲ್ಲಿ 1.30 ಸಾಕಾದರೆ 156 ವಾಟ್, 86 ಡಿಗ್ರಿ. 1.35 ಬೇಕಾದರೆ 169 ವಾಟ್, 90 ದಾಟುತ್ತದೆ. ನಿಮ್ಮ ಚಿಪ್ ಎಷ್ಟು ಕೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕೂಲರ್ ಬದಲಿಸುವ ಮಾತು ಅದು ತಿಳಿದ ಮೇಲೆ.

ಬ್ಲೂ ಸ್ಕ್ರೀನಿನ ವಿಷಯ. ಬಯಾಸಿನಲ್ಲಿ 1.25 ಬರೆದರೆ ಪ್ರೊಸೆಸರಿಗೆ 1.25 ಸಿಕ್ಕಿತು ಎಂದಲ್ಲ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಇದಕ್ಕೆ ವಿಡ್ರೂಪ್ ಎನ್ನುತ್ತಾರೆ. ಈ ಕುಸಿತವನ್ನು ಹತೋಟಿಯಲ್ಲಿಡುವ ಲೋಡ್ ಲೈನ್ ಕ್ಯಾಲಿಬ್ರೇಶನ್ (ಎಲ್‌ಎಲ್‌ಸಿ) ಆಟೋದಲ್ಲಿದ್ದರೆ 1.25 ಎಂದದ್ದು ಸಿನೆಬೆಂಚ್ ಓಡುವಾಗ 1.17, 1.18ಕ್ಕೆ ಇಳಿದಿರಬಹುದು. ಸ್ಟಾಕ್ 4.5ಕ್ಕೇ 1.20 ಇತ್ತಲ್ಲ, 1.18ರಲ್ಲಿ 5.0 ನಿಲ್ಲುವುದೆಂತು? ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್ ಎಂದರೆ ಒಂದು ಕೋರ್ ನಿಗದಿತ ಸಮಯದಲ್ಲಿ ಉತ್ತರ ಕೊಡದೆ ನಿಂತುಬಿಟ್ಟಿದೆ ಎಂದು. ಓವರ್‌ಕ್ಲಾಕ್ ಮಾಡಿದಾಗ ಇದು ಬಂದರೆ ಹೆಚ್ಚಿನ ಸಲ ಕಾರಣ ವೋಲ್ಟೇಜ್ ಸಾಲದಿರುವುದು.

ಈಗ ಕ್ರಮ. ಈಗಿರುವ ಸೆಟ್ಟಿಂಗನ್ನು ಪ್ರೊಫೈಲ್ ಆಗಿ ಉಳಿಸಿ, ಬಯಾಸನ್ನು ಡಿಫಾಲ್ಟಿಗೆ ತನ್ನಿ. ಎಕ್ಸ್‌ಎಂಪಿ ಆಫ್ ಮಾಡಿ, ಕೊನೆಯಲ್ಲಿ ಮತ್ತೆ ಹಾಕಿದರಾಯಿತು. ಮಲ್ಟಿಕೋರ್ ಎನ್ಹಾನ್ಸ್‌ಮೆಂಟ್ (ಬೋರ್ಡು ತಾನಾಗೇ ಎಲ್ಲ ಕೋರ್‌ಗಳನ್ನೂ ಏರಿಸುವುದು) ಅಥವಾ ಆ ಅರ್ಥದ ಹೆಸರಿನ ಆಯ್ಕೆ ಇದ್ದರೆ ಅದೂ ಆಫ್. ಬೇಸ್ ಕ್ಲಾಕ್ 100.00 ಎಂದು ಟೈಪ್ ಮಾಡಿ, ಮುಂದೆ ಅದನ್ನು ಮುಟ್ಟಬೇಡಿ. ಅದನ್ನು ಏರಿಸಿದರೆ ಕೋರ್, ರಿಂಗ್ (ಕೋರ್‌ಗಳನ್ನೂ ಕ್ಯಾಶನ್ನೂ ಜೋಡಿಸುವ ಒಳದಾರಿ), ರ್‍ಯಾಮ್ ಮೂರೂ ಒಟ್ಟಿಗೆ ಏರುತ್ತವೆ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಎಲ್ಲ ಕೋರ್‌ಗೂ ಒಂದೇ ಮಲ್ಟಿಪ್ಲೈಯರ್ ಇರಲಿ, 47ರಿಂದ ಶುರು ಮಾಡಿ. ವೋಲ್ಟೇಜ್ ಮೋಡ್ ಮ್ಯಾನುಯಲ್ ಅಥವಾ ಓವರ್‌ರೈಡ್, ಅಂಕಿ 1.250. ಎವಿಎಕ್ಸ್ ಆಫ್‌ಸೆಟ್ (ಎವಿಎಕ್ಸ್ ಎಂಬ ಭಾರೀ ಲೆಕ್ಕದ ಸೂಚನೆಗಳು ಓಡುವಾಗ ಮಲ್ಟಿಪ್ಲೈಯರ್ ಎಷ್ಟು ಇಳಿಯಬೇಕೆಂಬ ಅಂಕಿ) 0 ಎಂದು ಬರೆಯಿರಿ. ಆಟೋದಲ್ಲಿ ಬಿಟ್ಟರೆ ನೀವು ಪರೀಕ್ಷಿಸುತ್ತಿರುವ ಕ್ಲಾಕ್ ಯಾವುದೆಂದೇ ಗೊತ್ತಾಗದೆ ಹೋಗಬಹುದು, ಏಕೆಂದರೆ ಸಿನೆಬೆಂಚ್ ಆರ್23 ಕೂಡ ಎವಿಎಕ್ಸ್ ಸೂಚನೆಗಳನ್ನು ಬಳಸುತ್ತದೆ. ರಿಂಗ್ ಅನುಪಾತ, ಕೆಲಸವಿಲ್ಲದಾಗ ಪವರ್ ಮತ್ತು ಕ್ಲಾಕ್ ಇಳಿಸುವ ಸಿ-ಸ್ಟೇಟ್, ಸ್ಪೀಡ್‌ಸ್ಟೆಪ್ ಇದ್ದ ಹಾಗೇ ಇರಲಿ.

ಪವರ್ ಲಿಮಿಟ್‌ಗಳಿಗೆ ಇಂಟೆಲ್ ಕೊಟ್ಟಿರುವ ಅಂಕಿ ದೀರ್ಘಾವಧಿಗೆ 125 ವಾಟ್, ಅಲ್ಪಾವಧಿಗೆ 182 ವಾಟ್, ಆ ಅಲ್ಪಾವಧಿ 56 ಸೆಕೆಂಡ್. ಅನೇಕ ಝಡ್490 ಬೋರ್ಡುಗಳು ಇದನ್ನು ಸದ್ದಿಲ್ಲದೆ ತೆಗೆದುಹಾಕಿರುತ್ತವೆ, ನಿಮ್ಮದೂ ಹಾಗೇ ಇದ್ದಂತಿದೆ. ಎರಡಕ್ಕೂ 180 ಬರೆಯಿರಿ. ಪ್ರಯೋಗಕ್ಕೆ ಅಷ್ಟು ಸಾಕು, ಕೈತಪ್ಪಿ ವೋಲ್ಟೇಜ್ ಜಾಸ್ತಿ ಕೊಟ್ಟರೂ ಅಲ್ಲಿಗೆ ತಡೆ ಬೀಳುತ್ತದೆ.

ಲೋಡ್ ಲೈನ್ ಕ್ಯಾಲಿಬ್ರೇಶನ್ ಬಗ್ಗೆ ಎಚ್ಚರ ಬೇಕು, ಒಂದೊಂದು ಕಂಪನಿಯ ಎಣಿಕೆ ಒಂದೊಂದು ದಿಕ್ಕಿಗೆ. ಏಸುಸ್ ಬೋರ್ಡಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಬಿಗಿ, ಕುಸಿತ ಕಡಿಮೆ. ಎಂಎಸ್‌ಐ, ಎಎಸ್‌ರಾಕ್‌ಗಳಲ್ಲಿ ತಿರುಗುಮುರುಗು, 1 ಎಂದರೆ ಅತಿ ಬಿಗಿ. ಗಿಗಾಬೈಟಿನಲ್ಲಿ ಸಂಖ್ಯೆಯ ಬದಲು ಲೋ, ಮೀಡಿಯಂ, ಹೈ, ಟರ್ಬೊ ಎಂಬ ಹೆಸರುಗಳು. ಬೇರೆ ಬೋರ್ಡಿನವರು ಹೇಳಿದ ಸಂಖ್ಯೆಯನ್ನು ಹಾಗೇ ಹಾಕಿಕೊಂಡರೆ ಉಲ್ಟಾ ಆಗುತ್ತದೆ. ನಿಮ್ಮ ಬೋರ್ಡಿನ ನಡುವಿನ ಹಂತ ಆರಿಸಿ, ಲೋಡಿನಲ್ಲಿ 0.03 ವೋಲ್ಟ್‌ನಷ್ಟು ಕುಸಿದರೆ ಸರಿಯಾಗಿದೆ ಎಂದುಕೊಳ್ಳಿ. ಕುಸಿತವೇ ಇರಬಾರದೆಂದು ಅತಿ ಬಿಗಿ ಮಾಡಲು ಹೋಗಬೇಡಿ: ಭಾರೀ ಲೋಡ್ ಥಟ್ಟನೆ ನಿಂತ ಕ್ಷಣದಲ್ಲಿ ವೋಲ್ಟೇಜ್ ನೀವು ಬರೆದದ್ದಕ್ಕಿಂತ ಮೇಲೆ ಚಿಮ್ಮುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಚಿಕ್ಕ ಆ ಜಿಗಿತವನ್ನು ಎಚ್‌ಡಬ್ಲ್ಯೂಇನ್ಫೋ ತೋರಿಸುವುದೇ ಇಲ್ಲ.

ಇನ್ನು ಓಟ. 47ರಲ್ಲಿ ಸಿನೆಬೆಂಚ್ ಹತ್ತು ನಿಮಿಷ. ಪಾಸಾದರೆ 48. ಬಿದ್ದರೆ ಕ್ಲಾಕ್ ಹಾಗೇ ಇಟ್ಟು ವೋಲ್ಟೇಜ್ 0.01 ಏರಿಸಿ, ಮತ್ತೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಹಂತದಲ್ಲೂ ಬಯಾಸಿನ ವೋಲ್ಟೇಜ್, ಲೋಡಿನ ವಿಕೋರ್, ಅತಿ ಬಿಸಿ ಕೋರ್, ಪವರ್, ಸ್ಕೋರ್ ಐದನ್ನೂ ಕಾಗದದ ಮೇಲೆ ಬರೆದಿಡಿ. ಕ್ಲಾಕ್ ಏರಿಯೂ ಸ್ಕೋರ್ ಏರದಿದ್ದರೆ ಎಲ್ಲೋ ಥ್ರಾಟ್ಲ್ ಆಗುತ್ತಿದೆ ಎಂದರ್ಥ. ಸಿನೆಬೆಂಚಿನಲ್ಲಿ 85 ಡಿಗ್ರಿ, ಬಯಾಸಿನಲ್ಲಿ 1.35 ವೋಲ್ಟ್, ಇವೆರಡರಲ್ಲಿ ಯಾವುದು ಮೊದಲು ಬಂದರೂ ಅದನ್ನು ನಿಮ್ಮ ಗಡಿ ಎಂದಿಟ್ಟುಕೊಳ್ಳಿ.

ಎಚ್‌ಡಬ್ಲ್ಯೂಇನ್ಫೋದಲ್ಲಿ ವಿಐಡಿ ಎಂದು ಇನ್ನೊಂದು ಸಾಲು ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅದು ಪ್ರೊಸೆಸರ್ ಕೇಳುತ್ತಿರುವ ವೋಲ್ಟೇಜ್, ಸಿಗುತ್ತಿರುವುದಲ್ಲ. ಮ್ಯಾನುಯಲ್ ಮೋಡಿನಲ್ಲಿ ಅದಕ್ಕೆ ಬೆಲೆಯಿಲ್ಲ. ಮದರ್‌ಬೋರ್ಡ್ ವಿಭಾಗದಲ್ಲಿರುವ ವಿಕೋರ್, ಅಥವಾ ವಿಆರ್ ವಿಔಟ್ (ವೋಲ್ಟೇಜ್ ಒದಗಿಸುವ ಸರ್ಕ್ಯೂಟ್ ಹೇಳುವ ಅಂಕಿ) ಇದ್ದರೆ ಅದು, ಇವನ್ನು ನಂಬಿ.

1.52ರ ಪ್ರಶ್ನೆಗೆ: ಡೇಟಾಶೀಟಿನ ಆ ಅಂಕಿ ಪ್ರೊಸೆಸರ್ ಕೇಳಬಹುದಾದ ವೋಲ್ಟೇಜಿನ ಮೇಲ್ಮಿತಿ. ಅಷ್ಟನ್ನು ಆರೂ ಕೋರ್‌ಗೆ ಪೂರ್ತಿ ಲೋಡಿನಲ್ಲಿ ದಿನವಿಡೀ ಕೊಡಿ ಎಂದು ಅಲ್ಲಿ ಹೇಳಿಲ್ಲ. ಚಿಪ್ ಸವೆಯುವುದು ವೋಲ್ಟೇಜ್, ಕರೆಂಟ್, ಬಿಸಿ ಮೂರೂ ಸೇರಿದಾಗ. ಸ್ಟಾಕಿನಲ್ಲಿ ಒಂದೆರಡು ಕೋರ್ ಮಾತ್ರ ಓಡುವಾಗ 1.35 ಮೇಲೆ ಕಂಡರೂ ಆಗ ಕರೆಂಟ್ ಕಡಿಮೆ, ಬಿಸಿ ಕಡಿಮೆ. 95 ಡಿಗ್ರಿಯಲ್ಲಿ 1.40 ಇಟ್ಟು ಗಂಟೆಗಟ್ಟಲೆ ರೆಂಡರ್ ಓಡಿಸುವುದು ಬೇರೆಯೇ ವಿಷಯ. ಹಾಗೆ ನಡೆಸಿದರೆ ಈಗ 1.30ಕ್ಕೆ ನಿಲ್ಲುವ ಕ್ಲಾಕ್ ಮುಂದೊಂದು ದಿನ 1.32 ಕೇಳುತ್ತದೆ. ಓವರ್‌ಕ್ಲಾಕಿನಿಂದಾದ ಹಾನಿಗೆ ಇಂಟೆಲ್ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.


ಸ್ಕ್ರೂಡ್ರೈವರ್:

ಮೇಲಿನವರ ಲೆಕ್ಕ ಸರಿ. ಆದರೆ ಆ 0.375ನ್ನೇ ಸ್ವಲ್ಪ ಇಳಿಸಬಹುದೇನೋ ಮೊದಲು ನೋಡಿ. ಲೋಡ್ ಇರುವಾಗ ಆರೂ ಕೋರ್‌ಗಳ ಉಷ್ಣತೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಅತಿ ಬಿಸಿ ಕೋರ್‌ಗೂ ಅತಿ ತಣ್ಣನೆಯದಕ್ಕೂ 5ರಿಂದ 8 ಡಿಗ್ರಿ ವ್ಯತ್ಯಾಸ ಸಹಜ. 12, 15 ಬಂದರೆ ಕೂಲರ್ ಒಂದು ಬದಿಗೆ ವಾಲಿ ಕೂತಿದೆ, ಅಥವಾ ಪೇಸ್ಟ್ ಒಂದು ಮೂಲೆಗೆ ಹೋಗಿಲ್ಲ. "ಎರಡು ಕೋರ್ 100 ಮುಟ್ಟಿದವು" ಎಂದಿದ್ದೀರಿ, ಉಳಿದ ನಾಲ್ಕು ಎಷ್ಟಿದ್ದವು?

ಬಿಚ್ಚುವ ಮುಂಚೆ ಐದು ನಿಮಿಷ ಲೋಡ್ ಕೊಟ್ಟು ಪೇಸ್ಟ್ ಬೆಚ್ಚಗಾಗಲು ಬಿಡಿ, ಆಮೇಲೆ ಪವರ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಕೂಲರನ್ನು ಮೇಲಕ್ಕೆ ಜಗ್ಗದೆ ಮೊದಲು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಸಡಿಲ ಮಾಡಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಎರಡೂ ಕಡೆ ಲೋಹ ಹೊಳೆಯಬೇಕು. ಹಳೆಯ ಪೇಸ್ಟ್ ಹರಡಿದ್ದ ಗುರುತನ್ನು ಒರೆಸುವ ಮುಂಚೆಯೇ ಗಮನಿಸಿ. ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ದಪ್ಪಗೆ ಇದ್ದರೆ ಕಾರಣ ಅಲ್ಲೇ ಸಿಕ್ಕಿತು. ಹೊಸ ಪೇಸ್ಟ್ ನಡುವೆ ಒಂದು ಬಟಾಣಿ ಗಾತ್ರ ಸಾಕು. ನೇರ ಸ್ಪರ್ಶದ ಹೀಟ್‌ಪೈಪ್ ಇದ್ದು ಪೈಪುಗಳ ನಡುವೆ ಸಂದು ಕಾಣುತ್ತಿದ್ದರೆ ಆ ಸಂದುಗಳನ್ನು ಮೊದಲು ತೆಳುವಾಗಿ ತುಂಬಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ ಎರಡೆರಡು ಸುತ್ತಿನಂತೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ವಾಲುವುದು ಖಚಿತ.

ಫ್ಯಾನ್ ಕರ್ವ್ ಕೂಡ ನೋಡಿ. 75 ಡಿಗ್ರಿಗೆ ಪೂರ್ತಿ ವೇಗ ಬರಲಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಒಂದು ಓಟ ಮಾಡಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ದೋಷ ಕೂಲರಿನದ್ದಲ್ಲ, ಒಳಗೆ ಗಾಳಿ ಆಡುತ್ತಿಲ್ಲ.

ಇನ್ನೊಂದು, ಬೋರ್ಡಿನ ಮೇಲ್ತುದಿಯ 8 ಪಿನ್ ಸಿಪಿಯು ಕನೆಕ್ಟರ್ ಪೂರ್ತಿ ಕೂತಿದೆಯಾ? ಕೆಲವೊಮ್ಮೆ 4+4ರಲ್ಲಿ ಒಂದೇ ಅರ್ಧ ಸಿಕ್ಕಿಸಿರುತ್ತಾರೆ. ಸ್ಟಾಕಿನಲ್ಲಿ ಗೊತ್ತಾಗುವುದಿಲ್ಲ, 160 ವಾಟ್ ಎಳೆದಾಗ ತಂತಿ ಬಿಸಿಯಾಗುತ್ತದೆ. ವಿಆರ್‌ಎಂ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರಿಗೆ ವೋಲ್ಟೇಜ್ ಒದಗಿಸುವ ಭಾಗ, ಅದರ ಉಷ್ಣತೆಯ ಸೆನ್ಸರ್ ಇದ್ದರೆ ಅದರ ಮೇಲೂ ಕಣ್ಣಿಡಿ, 100 ಡಿಗ್ರಿ ಹತ್ತಿರ ಹೋಗಬಾರದು. ಟವರ್ ಕೂಲರಿನಲ್ಲಿ ವಿಆರ್‌ಎಂ ಮೇಲೆ ನೇರ ಗಾಳಿ ಬೀಳುವುದಿಲ್ಲವಾದ್ದರಿಂದ ಹಿಂಬದಿಯ ಎಕ್ಸಾಸ್ಟ್ ಫ್ಯಾನ್ ಕೆಲಸ ಮಾಡುತ್ತಿರಲೇಬೇಕು.


ನಿಧಾನಗತಿ:

5.0 ಎಂಬ ಸಂಖ್ಯೆಗೆ ಯಾಕೆ ಜೋತುಬೀಳಬೇಕು ಎಂದು ನಾನು ಕೇಳುತ್ತೇನೆ. 10600ಕೆ ಸ್ಟಾಕಿನಲ್ಲೇ ಒಂದೆರಡು ಕೋರ್ ಕೆಲಸಕ್ಕೆ 4.8ಕ್ಕೆ ಹೋಗುತ್ತದೆ, ಆರೂ ಕೋರ್ ಓಡುವಾಗ 4.5. ಎಲ್ಲ ಕೋರ್‌ಗೆ 4.8 ಕಟ್ಟಿದರೆ ರೆಂಡರ್, ಕಂಪೈಲ್, ವಿಡಿಯೋ ಎನ್‌ಕೋಡ್‌ಗೆ ಶೇ 6.7ರಷ್ಟು ಲಾಭ. ಆದರೆ ಒಂದೇ ಥ್ರೆಡ್ಡಿನ ಕೆಲಸಕ್ಕೆ ಏನೇನೂ ಸಿಗುವುದಿಲ್ಲ, ಅದು ಮೊದಲೇ 4.8ರಲ್ಲಿತ್ತು. ಇದನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 97, 99ರಲ್ಲಿ ನಿಂತಿರುವ ಆಟಗಳಲ್ಲಂತೂ ಪ್ರೊಸೆಸರ್ ಏರಿಸಿದರೆ ಫ್ರೇಮ್ ರೇಟ್ ಅಲುಗಾಡದು.

ಎಲ್ಲ ಕೋರ್‌ಗೂ ಒಂದೇ ಸಂಖ್ಯೆ ಹಾಕುವ ಬದಲು ಕೋರ್ ಬಳಕೆಗೆ ತಕ್ಕ ಮಲ್ಟಿಪ್ಲೈಯರ್ ಪಟ್ಟಿ ತುಂಬಬಹುದು. ಒಂದೆರಡು ಕೋರ್ ಓಡುವಾಗ 50, ಮೂರು ನಾಲ್ಕು ಓಡುವಾಗ 49, ಐದಾರು ಓಡುವಾಗ 48. ಭಾರೀ ಲೋಡಿನ ಬಿಸಿ 4.8ರ ಮಟ್ಟದಲ್ಲಿರುತ್ತದೆ, ಹಗುರ ಕೆಲಸಕ್ಕೆ 5.0 ಸಿಗುತ್ತದೆ. ಇದಕ್ಕೆ ವೋಲ್ಟೇಜ್ ಕ್ಲಾಕ್‌ಗೆ ತಕ್ಕಂತೆ ಏರಿಳಿಯುವ ಅಡಾಪ್ಟಿವ್ ಮೋಡಿನಲ್ಲಿರಬೇಕು, ಮ್ಯಾನುಯಲ್ ಆದರೆ 5.0ಕ್ಕೆ ಬೇಕಾದ ವೋಲ್ಟೇಜ್ 4.8ಕ್ಕೂ ಸುಮ್ಮನೆ ಹೋಗುತ್ತಿರುತ್ತದೆ. ಸಿಂಗಲ್ ಟವರ್ ಕೂಲರ್ ಇದ್ದವರಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ಓವರ್‌ಕ್ಲಾಕ್.

ವೋಲ್ಟ್_ಲೆಕ್ಕ ಅವರ 1.35ರ ಗಡಿ ಸ್ವಲ್ಪ ಬಿಗಿಯಾಯಿತು ಎನ್ನುವವರಿದ್ದಾರೆ, 1.40ರಲ್ಲಿ ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ದೊಡ್ಡ ಲಿಕ್ವಿಡ್ ಕೂಲರ್ ಇದ್ದು ಬಿಸಿ 75 ದಾಟದಿದ್ದರೆ ಆ ಮಾತು ಒಪ್ಪಬಹುದು. ಇವರ ಕೂಲರಿನಲ್ಲಿ ಒಪ್ಪಲಾಗದು.


ಟೈಮಿಂಗ್_16:

ರ್‍ಯಾಮ್ ಕಡೆಯಿಂದ ಎರಡು ಮಾತು. ಹತ್ತನೇ ತಲೆಮಾರಿನ ಐ5ಗೆ ಇಂಟೆಲ್ ಅಧಿಕೃತವಾಗಿ ಹೇಳುವ ರ್‍ಯಾಮ್ ವೇಗ ಡಿಡಿಆರ್4-2666. 3200ರ ಎಕ್ಸ್‌ಎಂಪಿ ಎಂದರೆ ಅದೂ ಓವರ್‌ಕ್ಲಾಕೇ. ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಕೋರ್ ಪರೀಕ್ಷೆ ನಡೆಯುವಾಗ ಇದೂ ಆನ್ ಇದ್ದರೆ ಬಿದ್ದದ್ದು ಯಾವುದು ಎಂದು ಹೇಳಲಾಗುವುದಿಲ್ಲ. ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ಬ್ಲೂ ಸ್ಕ್ರೀನ್ ಬಂದರೆ ನೋಟ ರ್‍ಯಾಮ್ ಕಡೆಗಿರಲಿ.

ಎಕ್ಸ್‌ಎಂಪಿ ಆನ್ ಮಾಡಿದಾಗ ಬೋರ್ಡ್ ಪ್ರೊಸೆಸರಿನಲ್ಲಿ ರ್‍ಯಾಮ್ ನೋಡಿಕೊಳ್ಳುವ ಭಾಗಕ್ಕೆ ಹೋಗುವ ವಿಸಿಸಿಐಒ, ವಿಸಿಸಿಎಸ್‌ಎ ಎಂಬ ಎರಡು ವೋಲ್ಟೇಜ್‌ಗಳನ್ನೂ ಆಟೋದಲ್ಲಿ ಏರಿಸುತ್ತದೆ. ಡಿಫಾಲ್ಟ್ 0.95 ಮತ್ತು 1.05. ಆಟೋ ಕೆಲವೊಮ್ಮೆ ಎರಡನ್ನೂ 1.30ರ ಮೇಲೆ ಒಯ್ಯುತ್ತದೆ. ಎರಡು ಸ್ಟಿಕ್, 3200ಕ್ಕೆ ಅಷ್ಟು ಬೇಕಿಲ್ಲ: ವಿಸಿಸಿಐಒ 1.10, ವಿಸಿಸಿಎಸ್‌ಎ 1.15 ಕೈಯಲ್ಲಿ ಬರೆಯಿರಿ. ರ್‍ಯಾಮ್ ವೋಲ್ಟೇಜ್ ಎಕ್ಸ್‌ಎಂಪಿ ಕೊಟ್ಟ 1.35 ಸರಿ. ಆಮೇಲೆ ಮೆಮ್‌ಟೆಸ್ಟ್86 ನಾಲ್ಕು ಪಾಸ್ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಪಾಸಲ್ಲ.

ಬಹಳ ಮುಖ್ಯವಾದದ್ದು: ಅರೆಬರೆ ಸ್ಥಿರ ಇರುವ ಓವರ್‌ಕ್ಲಾಕ್ ಫೈಲುಗಳನ್ನು ಕೆಡಿಸುತ್ತದೆ. ತಪ್ಪಾಗಿ ಲೆಕ್ಕ ಹಾಕಿದ ಬೈಟ್ ಡಿಸ್ಕಿಗೆ ಹೋದರೆ ಯಾವ ಸೂಚನೆಯೂ ಬರುವುದಿಲ್ಲ. ಪ್ರಯೋಗ ಶುರು ಮಾಡುವ ಮುಂಚೆ ಬೇಕಾದ್ದನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಬಿಚ್ಚಿಡಿ. ಪರೀಕ್ಷೆ ನಡೆಯುವಾಗ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿಡಿ. ಬ್ಲೂ ಸ್ಕ್ರೀನ್‌ಗಳ ಸರಣಿ ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಸಿಸ್ಟಮ್ ಫೈಲುಗಳು ಸರಿಯಿವೆಯಾ ನೋಡಿ.


ಕೋರ್_ಆರು:

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಕ್ರಮದಲ್ಲೇ ಮಾಡಿದೆ.

ಕೋರ್‌ಗಳ ನಡುವೆ 13 ಡಿಗ್ರಿ ವ್ಯತ್ಯಾಸ ಇತ್ತು. ಪೇಸ್ಟ್ ಬದಲಿಸಿ ಸ್ಕ್ರೂ ಮತ್ತೆ ಕಟ್ಟಿದ ಮೇಲೆ 6ಕ್ಕೆ ಬಂತು, ಸ್ಟಾಕ್‌ನಲ್ಲಿ ಅತಿ ಬಿಸಿ ಕೋರ್ 72ರಿಂದ 69ಕ್ಕೆ ಇಳೀತು. 8 ಪಿನ್ ಪೂರ್ತಿ ಕೂತಿದೆ. ಎಲ್‌ಎಲ್‌ಸಿ ನಡುವಿನ ಹಂತದಲ್ಲಿ 0.03 ಕುಸಿತ ಸಿಗ್ತಿದೆ. ಎಕ್ಸ್‌ಎಂಪಿ ಆಫ್, ಎವಿಎಕ್ಸ್ ಆಫ್‌ಸೆಟ್ 0, ಸಿನೆಬೆಂಚ್ ಅರ್ಧ ಗಂಟೆ ಓಡಿಸಿದಾಗ:

4.8: ಬಯಾಸ್ 1.27, ಲೋಡ್ 1.24, 137 ವಾಟ್, 75 ಡಿಗ್ರಿ
4.9: ಬಯಾಸ್ 1.31, ಲೋಡ್ 1.28, 149 ವಾಟ್, 80 ಡಿಗ್ರಿ
5.0: ಬಯಾಸ್ 1.36, ಲೋಡ್ 1.33, 166 ವಾಟ್, 87 ಡಿಗ್ರಿ

4.8, 4.9 ಎರಡರಲ್ಲೂ ಸ್ಕೋರ್ ಕ್ಲಾಕ್‌ಗೆ ಸರಿಯಾಗೇ ಏರಿದೆ. 5.0ದಲ್ಲೂ ಸಿನೆಬೆಂಚ್ ಪಾಸ್, ಬ್ಲೂ ಸ್ಕ್ರೀನ್ ಇಲ್ಲ. ಆದರೆ ಎಚ್‌ಡಬ್ಲ್ಯೂಇನ್ಫೋದ ಕೊನೇ ಸಾಲುಗಳಲ್ಲಿ ವೀಯಾ (ವಿಂಡೋಸ್ ಹಾರ್ಡ್‌ವೇರ್ ದೋಷಗಳನ್ನು ದಾಖಲಿಸೋ ವ್ಯವಸ್ಥೆ) ಎರರ್ 3 ಅಂತ ಇದೆ. ಈವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್, ಐಡಿ 19, 'ಸರಿಪಡಿಸಲಾದ ಹಾರ್ಡ್‌ವೇರ್ ದೋಷ' ಅನ್ನೋ ಅರ್ಥದ ಸಂದೇಶ. ಪ್ರೈಮ್95 ಅನ್ನೋ ಭಾರೀ ಲೋಡಿನ ಪರೀಕ್ಷೆಯಲ್ಲಿ ಸ್ಮಾಲ್ ಎಫ್‌ಎಫ್‌ಟಿ ಹಾಕಿದರೆ ನಾಲ್ಕನೇ ನಿಮಿಷಕ್ಕೆ ಒಂದು ವರ್ಕರ್ ನಿಂತುಹೋಯ್ತು, 'ರೌಂಡಿಂಗ್ 0.5, ಇರಬೇಕಾದ್ದು 0.4ಕ್ಕಿಂತ ಕಮ್ಮಿ' ಅಂತ. ಅಷ್ಟು ಹೊತ್ತಿಗೆ ಬಿಸಿ 97.

ಸಿನೆಬೆಂಚ್ ಪಾಸಾಗಿರೋದರಿಂದ 5.0 ಇಟ್ಟುಕೊಳ್ಳಬಹುದಾ? ಸರಿಪಡಿಸಲಾಗಿದೆ ಅಂತ ಅದೇ ಹೇಳ್ತಿದೆಯಲ್ಲ. ಅಡಾಪ್ಟಿವ್‌ಗೆ ಹೋಗೋದು ಹೇಗೆ ಅಂತಲೂ ಹೇಳಿ.


ವೋಲ್ಟ್_ಲೆಕ್ಕ:

ಬೇಡ. ಸರಿಪಡಿಸಿದ ದೋಷ ಎಂದರೆ ದೋಷ ಬಂದಿದೆ, ಈ ಸಲ ಪ್ರೊಸೆಸರ್ ಅದನ್ನು ಹಿಡಿದುಕೊಂಡಿದೆ ಎಂದು. ಹಿಡಿಯಲಾಗದ್ದು ಬಂದರೆ ಅದೇ ವೀಯಾ ಅನ್‌ಕರೆಕ್ಟಬಲ್ ಎರರ್ ಎಂಬ ಬ್ಲೂ ಸ್ಕ್ರೀನ್. ಸ್ಟಾಕಿನಲ್ಲಿ ಈ ಎಣಿಕೆ 0 ಇರುತ್ತದೆ, ಓವರ್‌ಕ್ಲಾಕಿನಲ್ಲೂ 0 ಇರಲೇಬೇಕು. ಪ್ರೈಮಿನ ರೌಂಡಿಂಗ್ ದೋಷ ಇನ್ನೂ ನೇರ: ಪ್ರೊಸೆಸರ್ ಒಂದು ಲೆಕ್ಕವನ್ನು ತಪ್ಪು ಮಾಡಿತು. 97 ಡಿಗ್ರಿಯಲ್ಲಿ ಇನ್ನೂ 0.02 ವೋಲ್ಟ್ ಸೇರಿಸಿದರೆ 100 ಮುಟ್ಟುತ್ತದೆ. ಈ ಕೂಲರಿನಲ್ಲಿ ಆರೂ ಕೋರ್ 5.0ಕ್ಕೆ ಜಾಗವಿಲ್ಲ, ಅಷ್ಟೇ.

ಪ್ರೈಮ್95ರ ಎವಿಎಕ್ಸ್ ಲೋಡ್ ನಿತ್ಯದ ಕೆಲಸದಲ್ಲಿ ಬರುವ ಲೋಡಿಗಿಂತ ಬಹಳ ಭಾರ ಎನ್ನುವುದು ನಿಜ. ಅದರಲ್ಲಿ ಗಂಟೆಗಟ್ಟಲೆ ನಿಲ್ಲಲೇಬೇಕೆಂದು ಹಠ ಹಿಡಿಯಬೇಕಿಲ್ಲ. ಎವಿಎಕ್ಸ್ ಆಫ್ ಮಾಡಿ ಸ್ಮಾಲ್ ಎಫ್‌ಎಫ್‌ಟಿ ಒಂದು ಗಂಟೆ, ಓಸಿಸಿಟಿ (ಸ್ಥಿರತೆ ನೋಡುವ ಇನ್ನೊಂದು ಪರೀಕ್ಷೆ) ಒಂದು ಗಂಟೆ, ಸಿನೆಬೆಂಚ್ ಅರ್ಧ ಗಂಟೆ. ಮೂರರಲ್ಲೂ ವೀಯಾ 0 ಇರಬೇಕು. 4.9ನ್ನು ಬಯಾಸಿನಲ್ಲಿ 1.31 ಅಲ್ಲ, 1.32 ಇಟ್ಟು ಈ ಪರೀಕ್ಷೆಗೆ ಒಡ್ಡಿ. ಅಂಚಿಗಿಂತ 0.01 ಮೇಲಿದ್ದರೆ ಬೇಸಿಗೆಯಲ್ಲಿ ಕೋಣೆ ಇನ್ನೂ ಬಿಸಿಯಾದಾಗ ಕೈಕೊಡುವುದಿಲ್ಲ. ಎವಿಎಕ್ಸ್ ಆಫ್‌ಸೆಟ್ 0 ಅಥವಾ 1ರಲ್ಲೇ ಇರಲಿ. 3 ಹಾಕಿದರೆ ಪ್ರೈಮ್ ಸುಲಭವಾಗಿ ಪಾಸಾಗುತ್ತದೆ, ಆದರೆ ಎವಿಎಕ್ಸ್ ಬಳಸುವ ಆಟಗಳೂ ಬಹಳಷ್ಟಿವೆ, ಅಲ್ಲೆಲ್ಲ ಕ್ಲಾಕ್ 4.6ಕ್ಕೆ ಬಿದ್ದು ಪಟ್ಟ ಶ್ರಮ ನೀರುಪಾಲಾಗುತ್ತದೆ.

ನಿಧಾನಗತಿ ಅವರ ಪಟ್ಟಿಯ ದಾರಿಯನ್ನು ನಾನೂ ಒಪ್ಪುತ್ತೇನೆ, ನಿಮ್ಮ ಚಿಪ್ಪಿಗೆ ಅದು ಹೇಳಿ ಮಾಡಿಸಿದಂತಿದೆ. ಒಂದೆರಡು ಕೋರ್‌ಗೆ 50, ಮೂರರಿಂದ ಆರಕ್ಕೆ 49. ವೋಲ್ಟೇಜ್ ಮೋಡನ್ನು ಅಡಾಪ್ಟಿವ್‌ಗೆ ಬದಲಿಸಿ, ಟರ್ಬೊ ವೋಲ್ಟೇಜ್ ಜಾಗದಲ್ಲಿ 1.37 ಬರೆಯಿರಿ, ಆಫ್‌ಸೆಟ್ ಆಟೋದಲ್ಲಿ ಬಿಡದೆ ಕನಿಷ್ಠ ಅಂಕಿ 0.001 ಕೊಡಿ. ನನ್ನ 1.35ರ ಗಡಿ ಆರೂ ಕೋರ್ ಒಟ್ಟಿಗೆ ದುಡಿಯುವಾಗಿನದು, ಇಲ್ಲಿ 1.37 ಹೋಗುವುದು ಒಂದೆರಡು ಕೋರ್ ಓಡುವಾಗ ಮಾತ್ರ. ಈ 1.37 ಅನ್ವಯವಾಗುವುದು ಪಟ್ಟಿಯ ಅತಿ ಮೇಲಿನ ಮಲ್ಟಿಪ್ಲೈಯರಿಗೆ. ಅದಕ್ಕಿಂತ ಕೆಳಗಿನ ಕ್ಲಾಕ್‌ಗೆ ಪ್ರೊಸೆಸರ್ ತನ್ನ ಕರ್ವಿನ (ಯಾವ ಕ್ಲಾಕ್‌ಗೆ ಎಷ್ಟು ವೋಲ್ಟೇಜ್ ಎಂದು ಅದರೊಳಗೇ ಇರುವ ಪಟ್ಟಿ) ಪ್ರಕಾರ ಇಳಿಸಿಕೊಳ್ಳುತ್ತದೆ. 4.8 ಮತ್ತು ಅದರ ಕೆಳಗೆ ಆ ಕರ್ವ್ ಹೇಳಿದ್ದಕ್ಕಿಂತ ಕಡಿಮೆ ವೋಲ್ಟೇಜನ್ನು ಅಡಾಪ್ಟಿವ್‌ನಲ್ಲಿ ಬರೆದರೂ ಅದು ಕೇಳುವುದಿಲ್ಲ, ಇಳಿಸಬೇಕಿದ್ದರೆ ಋಣ ಆಫ್‌ಸೆಟ್ ಒಂದೇ ದಾರಿ. 49ರಲ್ಲಿ ಆರೂ ಕೋರ್ ಓಡುವಾಗ ಲೋಡಿನ ವಿಕೋರ್ ಎಷ್ಟು ಬಂತು ನೋಡಿ. 1.29 ಆಸುಪಾಸಿನಲ್ಲಿದ್ದರೆ ಸರಿಯಾಯಿತು. 1.32 ದಾಟಿದರೆ ಋಣ 0.02 ಆಫ್‌ಸೆಟ್ ಕೊಟ್ಟು, ಟರ್ಬೊ ವೋಲ್ಟೇಜನ್ನೂ ನೋಡಿಕೊಂಡು ಹೊಂದಿಸಿ.

ಮೋಡ್ ಬದಲಿಸಿದ ಮೇಲೆ ಭಾರೀ ಲೋಡಿನ ಪರೀಕ್ಷೆ ಮಾತ್ರ ಸಾಲದು. ಅಡಾಪ್ಟಿವ್ ಕೈಕೊಡುವುದು ಹೆಚ್ಚಾಗಿ ಹಗುರ ಕೆಲಸದಲ್ಲಿ, ಕ್ಲಾಕ್ 800 ಮೆಗಾಹರ್ಟ್ಸ್‌ನಿಂದ 5.0ಕ್ಕೆ ಜಿಗಿಯುವ ಗಳಿಗೆಯಲ್ಲಿ. ಸಿನೆಬೆಂಚಿನ ಸಿಂಗಲ್ ಕೋರ್ ಓಟ ಅರ್ಧ ಗಂಟೆ ಮಾಡಿ. ಓಸಿಸಿಟಿಯಲ್ಲಿ ಲೋಡನ್ನು ಏರಿಸಿ ಇಳಿಸುವ ಆಯ್ಕೆ ಇದೆ, ಅದನ್ನೂ ಓಡಿಸಿ. ಕಂಪ್ಯೂಟರನ್ನು ಸ್ಲೀಪಿಗೆ ಕಳಿಸಿ ಎಬ್ಬಿಸಿ. ಎದ್ದ ಮೇಲೆ ಮಲ್ಟಿಪ್ಲೈಯರ್, ವೋಲ್ಟೇಜ್ ಹಾಗೇ ಉಳಿದಿವೆಯಾ ನೋಡಿ. ಏನೂ ಮಾಡದೆ ಡೆಸ್ಕ್‌ಟಾಪ್ ಮೇಲೆ ಬಿಟ್ಟಾಗ ಹ್ಯಾಂಗ್ ಆದರೆ ಋಣ ಆಫ್‌ಸೆಟ್ ಹೆಚ್ಚಾಗಿದೆ, ಅದನ್ನು ಅರ್ಧಕ್ಕೆ ತನ್ನಿ.

ಇದೆಲ್ಲ ಮುಗಿದ ಮೇಲೆ ಎಕ್ಸ್‌ಎಂಪಿ ಆನ್ ಮಾಡಿ, ಟೈಮಿಂಗ್_16 ಹೇಳಿದ ಎರಡು ವೋಲ್ಟೇಜ್ ಬರೆದು ಮೆಮ್‌ಟೆಸ್ಟ್86 ಮುಗಿಸಿ. ನಂತರ ಓಸಿಸಿಟಿಯನ್ನು ಮತ್ತೊಂದು ಗಂಟೆ ಓಡಿಸಿ. ರ್‍ಯಾಮ್ ವೇಗವಾದಾಗ ಕೋರ್‌ಗಳು ಕಾಯುವುದು ಕಡಿಮೆಯಾಗಿ ಬಿಸಿ ಒಂದೆರಡು ಡಿಗ್ರಿ ಏರಬಹುದು, ಅಂಚಿನಲ್ಲಿದ್ದ ಸೆಟ್ಟಿಂಗ್ ಅಷ್ಟಕ್ಕೇ ಬೀಳುವುದುಂಟು. ಬಿದ್ದರೆ ಮೊದಲು 0.01 ಕೋರ್ ವೋಲ್ಟೇಜಿಗೆ ಸೇರಿಸಿ, ರ್‍ಯಾಮನ್ನು ದೂರುವುದು ಆಮೇಲೆ.

ನಡುವೆ ಎಲ್ಲಾದರೂ ಪರದೆಯೇ ಬಾರದೆ ಹೋದರೆ ಮೂರ್ನಾಲ್ಕು ಸಲ ತಾನೇ ರೀಸ್ಟಾರ್ಟ್ ಆಗಲು ಬಿಡಿ, ಹೆಚ್ಚಿನ ಬೋರ್ಡುಗಳು ತಾವಾಗೇ ಸೇಫ್ ಮೋಡಿನಲ್ಲಿ ಬಯಾಸಿಗೆ ಬರುತ್ತವೆ. ಬರದಿದ್ದರೆ ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಇಳಿಸಿ, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್‌ಗಳೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಕೂಡಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ.

ಕೊನೆಯ ಸೆಟ್ಟಿಂಗನ್ನು ಬಯಾಸ್ ಪ್ರೊಫೈಲಿನಲ್ಲಿ ಉಳಿಸುವುದರ ಜೊತೆಗೆ ಪ್ರತಿ ಪುಟದ ಸ್ಕ್ರೀನ್‌ಶಾಟನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ, ಹೆಚ್ಚಿನ ಬೋರ್ಡುಗಳಲ್ಲಿ ಎಫ್12 ಕೀ. ಬಯಾಸ್ ಅಪ್‌ಡೇಟ್ ಮಾಡಿದರೆ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಹಳೇ ಪ್ರೊಫೈಲ್ ಹೊಸ ಬಯಾಸಿನಲ್ಲಿ ತೆರೆಯದೆಯೂ ಹೋಗಬಹುದು. ಆಗ ಆ ಚಿತ್ರಗಳನ್ನು ನೋಡಿ ಕೈಯಲ್ಲೇ ತುಂಬಬೇಕು. ತುಂಬಿದ ಮೇಲೆ ಸಿನೆಬೆಂಚ್ ಅರ್ಧ ಗಂಟೆ ಮತ್ತೆ ಓಡಿಸಿ ಲೋಡಿನ ವಿಕೋರ್ ನೋಡಿ. ಹೊಸ ಬಯಾಸಿನಲ್ಲಿ ಅದೇ ಎಲ್‌ಎಲ್‌ಸಿ ಹಂತ ಬೇರೆ ಕುಸಿತ ಕೊಡುವುದೂ ಇದೆ.